ಮೂರು ಖಾನೆಯ ವಹಿ

ಎರಡನೇ ಸಲ ಇಂಗ್ಲಿಷಿಗೆ ಬಿದ್ದ ಮೇಲೆ
ಅಪ್ಪ ನನ್ನನ್ನು ಕ್ಯಾಂಪಿಗೆ ಕಳಿಸಿದ,
ಅರ್ಮಿಂದಾ ಬಾಯಿಯ ಮನೆಗೆ.
ಫೀ ಕೊಡಲು ರೊಕ್ಕವಿರಲಿಲ್ಲ;
ದಡಿ ತಪ್ಪಿ ನೇಯ್ದ ಒಂದು ಸೀರೆ ಒಯ್ದೆವು,
ಆಕೆಯ ಕಿಟಕಿಗೆ ಅದೇ ಪರದೆಯಾಯಿತು.

ಪೋರ್ಚುಗೀಸರು ಹೋದ ಮರುವರ್ಷ
ಮಡಗಾಂವಿನಿಂದ ಘಟ್ಟ ಹತ್ತಿ ಬಂದವಳು.
ಪ್ರಾರ್ಥನೆ ಕೊಂಕಣಿಯಲ್ಲಿ, ಲೆಕ್ಕ ಪೋರ್ಚುಗೀಸಿನಲ್ಲಿ,
ಬೈಗುಳ ಮಾತ್ರ ಅಪ್ಪಟ ಬೆಳಗಾವಿಯದು.

"ವಹಿ ತಗಿ. ಮೂರು ಖಾನೆ ಹೊಡಿ.
ಮೊದಲನೇದು ಪರೀಕ್ಷಾಕ್ಕ. ಎರಡನೇದು ನನಗ.
ಮೂರನೇದು ನೀ ತುಂಬು."

ಮೊದಲ ಪಾಠ ಗೆಲುವಿನ ನುಡಿಗಟ್ಟುಗಳು.
ಎರಡು ಸಲ ಬಿದ್ದವಳಿಗೆ!

ಫ್ಲೈಯಿಂಗ್ ಕಲರ್ಸ್.
ಬಣ್ಣ ಹಾರಿಸುತ್ತ ಪಾಸಾಗುವುದು.
ನನಗೆ ನಗು ತಡೆಯಲಿಲ್ಲ.
ನಮ್ಮ ವಡಗಾವಿ ಓಣಿಯಲ್ಲಿ ಬಣ್ಣ ಹಾರಿತೆಂದರೆ
ಸೀರೆ ವಾಪಸ್ಸು ಬಂತೆಂದೇ ಅರ್ಥ,
ಸಾವಕಾರ ಕೂಲಿಯಲ್ಲಿ ಮುರಿದುಕೊಂಡನೆಂದೇ ಅರ್ಥ.
ಅದು ಯುದ್ಧ ಗೆದ್ದ ಹಡಗಂತೆ,
ಬಾವುಟ ಇಳಿಸದೆ ಬಂದರಿಗೆ ಬರುವುದಂತೆ.
ನಾನು ಹಡಗು ಕಂಡವಳಲ್ಲ.
ಮೂರನೇ ಖಾನೆಯಲ್ಲಿ ಬರೆದೆ:
ನೀರಿಗೆ ಹಾಕಿದರೂ ಬಣ್ಣ ಬಿಡದ್ದು.

ಆಕೆಯ ಖಾನೆಯಲ್ಲೂ ಹಡಗೇ.
ದಿ ವೆಂತು ಎಂ ಪೋಪಾ:
ಗಾಳಿ ಬೆನ್ನಿಗೆ ನಿಂತು ದೂಡುವಾಗ
ಎಲ್ಲವೂ ಸಸೂತ್ರ.
ಸಸೂತ್ರ!
ಈ ಶಬ್ದ ನಮ್ಮ ಮನೆಯದು,
ಒಂದೆಳೆಯೂ ಕಡಿಯದೆ ಸಂಜೆ ಮುಟ್ಟಿದ ಮಗ್ಗದ್ದು.
ಅದನ್ನೇ ಬರೆದೆ, ದೊಡ್ಡ ಅಕ್ಷರದಲ್ಲಿ.

ಇಂಗ್ಲಿಷರಿಗೆ ಒಂದು ಕಲ್ಲಿಗೆ ಎರಡು ಹಕ್ಕಿ,
ಆಕೆಯವರಿಗೆ ಒಂದು ಬಡಿಗೆಗೆ ಎರಡು ಮೊಲ.
"ನಿಮ್ಮಲ್ಲಿ?"
"ನಮ್ಮಲ್ಲಿನೂ ಹಕ್ಕಿನ ರೀ.
ಹೋಗೂಮುಂದ ಅವರ ಬಿಟ್ಟು ಹೋದರೋ ಏನೋ."

ಮಳೆ ಹಿಡಿದ ಒಂದು ಮಧ್ಯಾಹ್ನ
ಆಗ್ವ ಮೋಲೆ ಎಂ ಪೇದ್ರ ದೂರ ಅಂದಳು.
ಮೆತ್ತನ್ನ ನೀರು ಗಟ್ಟಿ ಕಲ್ಲಿಗೆ
ಬಡಿಬಡಿದು ಕೊನೆಗೆ ತೂತು ಕೊರೆಯುವುದು.
"ಬಾಯಿ, ನನ್ನ ಹೆಸರು ಕಲ್ಲವ್ವ."
ಕನ್ನಡಕ ತೆಗೆದು ನೋಡಿದಳು.
"ಗೊತ್ತದ. ನಾಕು ತಿಂಗಳಿಂದ ಬಡಿಯಾಕತ್ತೇನಿ."

ಕೇಕಿನ ತುಣುಕು ಅಂದರೆ ಸುಲಭದ ಕೆಲಸ.
ಕ್ಯಾಂಪಿನ ಬೇಕರಿಯಲ್ಲಿ ಆ ತುಣುಕಿಗೆ ಎಂಟಾಣೆ,
ಅಪ್ಪನ ಒಂದು ಗಜದ ಕೂಲಿಗಿಂತ ಹೆಚ್ಚು.
ಯಾರಿಗೆ ಸುಲಭ?
"ನಮ್ಮವರು ಕಾಂಜ ಅಂತಾರ.
ಕೋಳಿ ಹಾಕಿ ಕುದಿಸಿದ ಅಕ್ಕಿ ಸಾರು.
ಹಾಸಿಗಿ ಹಿಡದವರಿಗೂ ಗಂಟಲಾಗ ಇಳೀತದ, ಅದಕ್ಕ ಸುಲಭ."
ಕಾಂಜ. ಕಾಂಜ.
ನಾಲಿಗೆಯ ಮೇಲೆ ಹೊರಳಿಸಿ ನೋಡಿದೆ.
"ಬಾಯಿ, ಇದು ನಮ್ಮ ಗಂಜಿ!"
"ಇರಬೇಕು.
ಹಡಗಿನವರು ಬರಿಗೈಲೆ ಹೋಗತಾರೇನು?"

ಮೆಣಸು ಹೊತ್ತವರು ಗಂಜಿಯನ್ನೂ ಹೊತ್ತರು,
ಅಷ್ಟು ದೂರ ಒಯ್ದು ಅದಕ್ಕೆ ಕೋಳಿ ಹಾಕಿದರು,
ಸುಲಭ ಎಂಬ ಅರ್ಥವನ್ನೂ ಹಾಕಿದರು.
ಇಲ್ಲಿ ಅವ್ವ, ಬೆಳಕು ಹರಿಯುವ ಮೊದಲೇ
ಓಣಿಯುದ್ದ ಹಾಸು ಎಳೆದು ಕಟ್ಟಿ
ನೂಲಿಗೆ ಗಂಜಿ ಕುಡಿಸುತ್ತಿದ್ದಳು,
ಬಿಸಿಲು ಏರುವುದರೊಳಗೆ ತೀಡಿ ಮುಗಿಸಬೇಕು,
ಬೆರಳ ಸಂದಿ ಬಿರಿದು ರಕ್ತ.
ಗಂಜಿ ಕುಡಿಯದ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ.
ಮೂರನೇ ಖಾನೆ ಖಾಲಿ ಬಿಟ್ಟೆ.

ಪರೀಕ್ಷೆಯಲ್ಲಿ ಒಂದೂ ನುಡಿಗಟ್ಟು ಬರಲಿಲ್ಲ.
ಜ್ವರ ಬಂದಿದೆಯೆಂದು ಹೆಡ್‌ಮಾಸ್ತರರಿಗೆ ರಜೆಯ ಅರ್ಜಿ ಬಂತು,
ಆಕಳ ಮೇಲೆ ಹತ್ತು ಸಾಲು.
ಮೂವತ್ತೇಳು ಬಿದ್ದವು.

ಹೇಳಲು ಓಡಿದೆ. ಬಾಯಿ ಅಂಗಳದಲ್ಲಿದ್ದಳು.
"ಹೆಂಗಿತ್ತು ಪೇಪರ್?"
"ಗಂಜಿ ರೀ, ಬಾಯಿ."
ಆಕೆ ತನ್ನ ಖಾನೆಯ ಅರ್ಥ ಹಿಡಿದು
ತೊಡೆ ತಟ್ಟಿಕೊಂಡು ನಕ್ಕಳು.
ನಾನು ಹೇಳಿದ್ದು ನನ್ನ ಖಾನೆಯದು.

ಹಗ್ಗದ ಮೇಲೆ ಒಗೆದ ಪರದೆ ಒಣಗುತ್ತಿತ್ತು.
ತುಸು ಬಣ್ಣ ಬಿಟ್ಟಿತ್ತು.
ಇಬ್ಬರೂ ಅತ್ತ ನೋಡಿದೆವು,
ಆಕೆ ಏನೂ ಅನ್ನಲಿಲ್ಲ.